ಭಾವನಿಗೆ ಬಂದದ್ದು ಮದ್ದೋ, ನೀರೋ?

ಆಲಂಕಾರಿನ ನಮ್ಮ ಭಾವನನ್ನು ನಂಬಿಸುವುದಕ್ಕಿಂತ ಕುಮಾರಪರ್ವತ ಹತ್ತಿ ಇಳಿಯುವುದು ಸುಲಭ! ಅಕ್ಕನನ್ನು ಮದುವೆಯಾಗಿ ಮೂವತ್ತು ವರ್ಷವಾದರೂ, ಸಾಂಬಾರಿಗೆ ಉಪ್ಪು ಹಾಕಿದ್ದೇನೆಂದು ಅವಳು ಹೇಳಿದರೆ ನೆಕ್ಕಿ ನೋಡದೆ ಬಡಿಸಿಕೊಂಡವರಲ್ಲ. ಒಮ್ಮೆ ಜ್ಯೋತಿಷಿಯನ್ನು ಪರೀಕ್ಷಿಸಲೆಂದು, ಹಟ್ಟಿಯಲ್ಲಿ ಕರು ಹುಟ್ಟಿದ ಗಳಿಗೆಯನ್ನೇ ಮಗನದ್ದೆಂದು ಕೊಟ್ಟರು. "ಪರಸ್ಥಳ ವಾಸದ ಯೋಗ ಉಂಟು" ಎಂದರು ಜ್ಯೋತಿಷಿ. ಮುಂದಿನ ತಿಂಗಳು ಆ ಕರು ದೂರದ ಸಂಪಾಜೆಯವರಿಗೆ ಮಾರಿಹೋಯಿತು. ಭಾವ ಹೋಗಿ ಇನ್ನೊಮ್ಮೆ ದಕ್ಷಿಣೆ ಇಟ್ಟು ಬಂದರು!

ಇಂಥವರ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಆ ಕಿಡ್ನಿಯನ್ನೇ ತೆಗೆದರು. ರೋಗ ಮರಳಿ ಬಾರದಿರಬೇಕಲ್ಲ? ಡಾಕ್ಟರು ಒಂದು ಪ್ರಯೋಗದ ವಿಷಯ ಹೇಳಿದರು. ನಮ್ಮ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಿ, ಅಳಿದುಳಿದ ಕ್ಯಾನ್ಸರಿನ ಮೇಲೆ ಛೂ ಬಿಡುವ ಮದ್ದಂತೆ. ಮೂರು ವಾರಕ್ಕೊಮ್ಮೆ ಡ್ರಿಪ್, ಒಂದು ವರ್ಷ. ಆದರೆ ಅರ್ಧ ಜನರಿಗೆ ಮದ್ದು, ಉಳಿದರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು!

ಅಕ್ಕ ಕಣ್ಣೀರಿಟ್ಟಳು. ಭಾವನ ಮುಖ ಅರಳಿತು! ಅರಳದೆ ಇದ್ದೀತೇ? ಕೊಳೆರೋಗ ಬರುವ ಮೊದಲೇ ಅಡಿಕೆಗೆ ಮದ್ದು ಬಿಡುವಾಗ, ವರ್ಷವೂ ಎರಡು ಮರ ಹಾಗೇ ಬಿಟ್ಟು, ಮದ್ದಿನಿಂದ ಪ್ರಯೋಜನ ಉಂಟೋ ಎಂದು ನೋಡುವ ಮನುಷ್ಯ ಅವರು.

"ಇದು ನಾನು ಮಾಡುದೇ ಮಾರಾಯ್ತಿ! ಹೋಲಿಸದಿದ್ರೆ ಗೊತ್ತಾಗುದು ಹೇಗೆ?"

"ಆ ಎರಡು ಮರದಲ್ಲಿ ನೀವೊಂದಾದ್ರೆ?" ಎಂದಳು ಅಕ್ಕ.

ಭಾವ ಒಪ್ಪಿಗೆ ಪತ್ರವನ್ನು ಇನ್ನೊಮ್ಮೆ ಓದಿದರು. ಸಹಿ ಹಾಕಿದರು.

ಮೂರನೆಯ ಡ್ರಿಪ್ಪಾದ ವಾರ ನನಗೆ ಅವರ ಫೋನು. "ಕೈಯೆಲ್ಲ ತುರಿಸ್ತದೆ ಮಾರಾಯ! ಈ ಮದ್ದಿಗೆ ಮೈ ತುರಿಸ್ಲಿಕ್ಕೆ ಉಂಟು ಅಂತ ಮೊದಲೇ ಹೇಳಿದ್ದಾರೆ. ನಂಗೆ ಮದ್ದೇ ಬರುದು!"

ತುರಿಕೆಗೆ ಇಷ್ಟು ಸಂಭ್ರಮಪಟ್ಟವರನ್ನು ನಾನು ಕಂಡಿಲ್ಲ. ಆಸ್ಪತ್ರೆಗೂ ಸುದ್ದಿ ಮುಟ್ಟಿಸಿದರು. "ಇವತ್ತು ಎಂತ ಕೆಲಸ ಮಾಡಿದ್ರಿ?" ಎಂದು ನರ್ಸ್ ಕೇಳಿದರು. ಎಂತ ಕೆಲಸ? ಪತ್ರೊಡೆಗೆಂದು ಮುಟ್ಟಿದರೆ ತುರಿಸುವ ಕೆಸುವಿನೆಲೆ ರಾಶಿ ಕೊಯ್ದು, ನಾರು ತೆಗೆದು ಕೊಟ್ಟವರು ಸಾಕ್ಷಾತ್ ಭಾವ! ಹುಣಸೆಹುಳಿ ಹಚ್ಚಿ ತಿಕ್ಕಿದ ಮೇಲೆ ತುರಿಕೆ ಹೋಯಿತು, ಸಂಭ್ರಮವೂ ಹೋಯಿತು. ಎರಡು ದಿನ ಅವರು ಸಾಂಬಾರಿನ ಉಪ್ಪು ನೋಡದೆಯೇ ಉಂಡರಂತೆ. ಆಗ ಮಾತ್ರ ನನಗೂ ಹೆದರಿಕೆಯಾಯಿತು.

ಮೊನ್ನೆ, ಡ್ರಿಪ್ಪೆಲ್ಲ ಮುಗಿದ ಮೇಲಿನ ಸ್ಕ್ಯಾನಿಗೆ ಮೂವರೂ ಹೋದೆವು. "ಎಲ್ಲಿಯೂ ಏನೂ ಇಲ್ಲ" ಎಂದರು ಡಾಕ್ಟರು. ಅಬ್ಬ! ಹೋದ ಜೀವ ಬಂದ ಹಾಗಾಯಿತು. ಮುಂದೆಯೂ ಆಗಾಗ ನೋಡಿಸುತ್ತಿರಬೇಕಂತೆ. ನೋಡಿಸಿದರಾಯಿತು, ಅದಕ್ಕೇನು!

ವಾಪಸ್ ಬರುವಾಗ, ಆಲಂಕಾರು ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ ಕೆಣಕಿದೆ. "ಮದ್ದೋ ನೀರೋ ಕಡೆಗೂ ಗೊತ್ತಾಗ್ಲಿಲ್ಲವಲ್ಲ ಭಾವ?"

"ಗೊತ್ತಾಗುದೇ ಬೇಡ. ಮೆಲ್ಲ ಮಾತಾಡು ಮಾರಾಯ" ಎಂದರು. ಅಕ್ಕ ಅವರ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು. "ಒಂದು ವರ್ಷ ಆಯ್ತು, ಇವಳು ರಾತ್ರಿ ನಿದ್ದೆ ಬಂದ ಹಾಗೆ ಮಾಡುದು ಮಾತ್ರ. ನಂಗೆ ಗೊತ್ತುಂಟು."

ಆಲಂಕಾರು ಬಂತು. ನಾನು ಎದ್ದೆ. ಭಾವ ಅವಳನ್ನು ಎಬ್ಬಿಸಬೇಡವೆಂದು ನನಗೆ ಸನ್ನೆ ಮಾಡಿ, ಹೆಗಲು ಅಲುಗಿಸದೆ, ಕಂಡಕ್ಟರಿಗೆ ಮೂರು ಬೆರಳು ತೋರಿಸಿ ಪಿಸುಗುಟ್ಟಿದರು: "ಸುಬ್ರಹ್ಮಣ್ಯಕ್ಕೆ ಕೊಡಿ."