ಬಾಣಲೆ ಮುಂದಿನ ಜಪಸರ

ಭಕ್ತಿಗೆ ಪುರುಸೊತ್ತು ಬೇಕು ಎನ್ನುವವರನ್ನು ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ. ಪ್ರತಿ ಡಿಸೆಂಬರಿನಲ್ಲೂ ನಮ್ಮ ಶಿರಸಿಯ ಇಗರ್ಜಿಯಲ್ಲಿ ಫಾದರ್ ಹೇಳುವುದು ಒಂದೇ: ಹಬ್ಬದ ಗಡಿಬಿಡಿಯಲ್ಲಿ ಯೇಸುವನ್ನು ಮರೆಯಬೇಡಿ, ಒಲೆ ಬಿಟ್ಟು ಸ್ವಲ್ಪ ದೇವರ ಮುಂದೆ ಕೂತುಕೊಳ್ಳಿ. ನಾನು ಭಕ್ತಿಯಿಂದ ತಲೆಯಾಡಿಸಿ, ಮನೆಗೆ ಬಂದು ಒಲೆಯ ಮುಂದೆಯೇ ನಿಲ್ಲುತ್ತಿದ್ದೆ. ಇನ್ನೇನು ಮಾಡಲಿ? ಕಾಯಿ ಹೂರಣದ ನೆವ್ರಿ, ಚಕ್ಕುಲಿ, ರೋಸ್ ಕುಕ್ಕಿ ಓಣಿಯ ಅಷ್ಟೂ ಮನೆಗೆ ಹೋಗಬೇಕು. ಉಪದೇಶ ಮಾಡಿದ ಫಾದರ್ ಕೂಡ ಹಬ್ಬದ ಮಾರನೆಯ ದಿನ ಬಂದು, "ನೆವ್ರಿ ಇನ್ನೂ ಉಂಟಾ, ರೀಟಾ ಬಾಯಿ?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಹಾಗಾಗಿ ನಮ್ಮ ಮನೆಯ ಜಪಸರ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಜಪಸರವೆಂದರೆ ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಜೊತೆಯವರು ಉಳಿದರ್ಧ ಹೇಳಿ ಮುಗಿಸಬೇಕು. ನಮ್ಮ ಯಜಮಾನರು ಬಾಗಿಲಿಗೆ ಒರಗಿ ಮಣಿ ಎಣಿಸುತ್ತಾ "ನಮೋ ಮರಿಯಾ, ವರಪ್ರಸಾದ ಪೂರ್ಣೆ" ಎಂದು ಶುರು ಮಾಡುತ್ತಿದ್ದರು. ನಾನು ನೆವ್ರಿ ಮಗುಚುತ್ತಾ "ಈಗಲೂ ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ" ಎಂದು ಮುಗಿಸುತ್ತಿದ್ದೆ. ಮರಣ ಎನ್ನುವ ಮಾತು ಎಣ್ಣೆಯ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದದ್ದೇ ಇಲ್ಲ. ನಡುವೆ ಅವರದೊಂದು ಸ್ವಂತ ಸೇರ್ಪಡೆ ಇರುತ್ತಿತ್ತು: "ಎಣ್ಣೆ ಹೊಗೆ ಬಂತು ನೋಡೇ." ಅದನ್ನೂ ಜಪದ ರಾಗದಲ್ಲೇ ಹೇಳುತ್ತಿದ್ದರು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸಾವಾದ ಮನೆಯಲ್ಲಿ ಆ ವರ್ಷ ನಕ್ಷತ್ರ ಕಟ್ಟುವುದಿಲ್ಲ, ಹಬ್ಬಕ್ಕೆ ಬಾಣಲೆ ಇಡುವುದಿಲ್ಲ. ಫಾದರ್ ಬಯಸಿದ ಪುರುಸೊತ್ತು ಅಂತೂ ಸಿಕ್ಕಿತು. ಹಬ್ಬದ ಹಿಂದಿನ ಸಂಜೆ, ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಗೋದಲಿ ಇಟ್ಟು ಅದರ ಮುಂದೆ ಕೂತೆ. ಮಣ್ಣಿನ ಕುರಿಗಳು ನನ್ನನ್ನೇ ನೋಡುತ್ತಿದ್ದವು. ಜಪಸರ ಹಿಡಿದರೆ ಮೊದಲರ್ಧ ಬಾಯಿಂದ ಹೊರಡಲೊಲ್ಲದು. ಮರೆತಿರಲಿಲ್ಲ, ಆದರೆ ಅದು ಅವರ ಪಾಲಿನದು. ಅವರು ಹೋದಂದಿನಿಂದ ನಾನು ಜಪವನ್ನೇ ಮಾಡಿಲ್ಲ ಎನ್ನುವುದು ಫಾದರ್‌ಗೂ ಗೊತ್ತಿಲ್ಲ. ದೇವರ ಮೇಲೆ ಸಿಟ್ಟಿತ್ತು. ಇವತ್ತೂ ಬಾರದಿದ್ದರೆ ಇನ್ನು ಯಾವತ್ತೂ ಬರುವುದಿಲ್ಲವೆಂದು ಹೆದರಿಕೆಯೂ ಆಯಿತು.

ಅಷ್ಟರಲ್ಲಿ ಪಕ್ಕದ ಹವ್ಯಕರ ಮನೆಯ ಸಾವಿತ್ರಕ್ಕ ತಟ್ಟೆ ತುಂಬ ಬೆಲ್ಲದ ಅತ್ರಾಸ ಹಿಡಿದು ಬಂದರು. ಅವರಿಗೂ ನಮಗೂ ನಡುವೆ ಇರುವುದು ಒಂದೇ ಗೋಡೆ.

"ಎಂತಕ್ಕೆ ಸುಮ್ಮಂಗೆ ಕೂತ್ಗಂಜೆ? ಜಪ ಮಾಡಿದ್ದಿಲ್ಯನೆ?"

"ಶುರು ಮಾಡ್ಲಿಕ್ಕೇ ಆಗ್ತಿಲ್ಲ ಅಕ್ಕಾ. ಅದು ಅವರು ಹೇಳೂದು."

ಸಾವಿತ್ರಕ್ಕ ತಟ್ಟೆ ಕೆಳಗಿಟ್ಟು ಗೋದಲಿಯ ಮುಂದೆ ನನ್ನ ಪಕ್ಕ ಕೂತರು. "ಮೊದಲರ್ಧ ಆನೇ ಹೇಳ್ಲ? ಗ್ವಾಡೆ ಆಚಿಗೆ ಕೇಳಿ ಕೇಳಿ ಎಂಗೆ ಬಾಯಿಪಾಠ ಆಗೋಯ್ದು" ಎಂದರು. ಕಣ್ಣು ಮುಚ್ಚಿ, ಕೈ ಮುಗಿದು, ನಮ್ಮವರ ರಾಗದಲ್ಲೇ ಶುರು ಮಾಡಿದರು: "ನಮೋ ಮರಿಯಾ, ವರಪ್ರಸಾದ ಪೂರ್ಣೆ, ಎಣ್ಣೆ ಹೊಗೆ ಬಂತು ನೋಡೇ..."

ಅದೂ ಮಂತ್ರದಲ್ಲಿ ಸೇರಿದ್ದೆಂದು ನಂಬಿದ್ದರೋ, ಬೇಕೆಂದೇ ಹೇಳಿದರೋ, ನಾನು ಕೇಳಲಿಲ್ಲ. ನಗು ಬಂತು, ಅದರ ಬೆನ್ನಿಗೇ ಅಳು. ಉಳಿದರ್ಧ ಬಾಯಿಂದ ತಾನಾಗಿ ಹೊರಟಿತು. ಮರಣ ಎನ್ನುವಲ್ಲಿ ಮೊದಲ ಸಲ ತಡೆದು ನಿಂತು, ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡೇ ಹೇಳಿದೆ. ಜಪ ಮುಗಿಯುವಷ್ಟರಲ್ಲಿ ನಾನು ಎದ್ದು ಹೋಗಿ ಉರಿ ಸಣ್ಣ ಮಾಡಲು ಒಲೆಯ ಮುಂದೆ ನಿಂತಿದ್ದೆ. ಒಲೆ ಹಚ್ಚಿಯೇ ಇರಲಿಲ್ಲ.