ನೈಸ್ ಅನ್ನಬಾರದ ಮನೆ

ನಮ್ಮ ಯಜಮಾನರ ಮುಂದೆ ‘ನೈಸ್’ ಎಂದು ಹೇಳಿ ಮರ್ಯಾದೆ ಉಳಿಸಿಕೊಂಡು ಹೋದವರು ಇಡೀ ಜಯನಗರದಲ್ಲಿ ಒಬ್ಬರೂ ಇಲ್ಲ! ನಾನೋ ಕಾನ್ವೆಂಟಿನವಳು. ನನ್ನ ಎಸ್ಸೇಗಳಲ್ಲಿ ವೆದರ್ ನೈಸ್, ಪಿಕ್ನಿಕ್ ನೈಸ್, ಸಿಸ್ಟರಂತೂ ವೆರಿ ನೈಸ್. ಇವರ ಉದ್ಯೋಗ ಕಾಫಿ ಕಂಪನಿಯೊಂದರಲ್ಲಿ ರುಚಿ ನೋಡುವುದು. ದಿನವಿಡೀ ಚಮಚದಲ್ಲಿ ಸೊರ್ರೆಂದು ಹೀರುವುದು, ಉಗಿಯುವುದು, ಹೇಗಿದೆ ಎಂದು ರಿಪೋರ್ಟ್ ಬರೆಯುವುದು. ಅದಕ್ಕೆ ಸಂಬಳ ಬೇರೆ!

ಹೆಣ್ಣು ನೋಡಲು ಬಂದ ದಿನ ನಮ್ಮಪ್ಪ ಹೆಮ್ಮೆಯಿಂದ, “ಕಾಫಿ ನೈಸಾಗಿದೆ ಅಲ್ವಾ? ನಮ್ಮ ಹುಡುಗೀನೇ ಮಾಡಿದ್ದು” ಎಂದರು. ಇವರು ಚಮಚ ಕೇಳಿ ತರಿಸಿಕೊಂಡು, ಕಣ್ಣು ಮುಚ್ಚಿ, ಸೊರ್ರೆಂದು ಹೀರಿ, “ಚಿಕೋರಿ ಜಾಸ್ತಿ. ಹಾಲು ಎರಡು ಸಲ ಕಾದಿದೆ. ಹುಡುಗಿ ಒಪ್ಪಿಗೆ” ಎಂದರು!

ಮದುವೆಯಾದ ಮೇಲೆ ಪಾಠ ಶುರು. “ನೈಸ್ ಅಂದ್ರೆ ಏನೇ? ಪ್ಲೆಸೆಂಟಾ? ಮೈಲ್ಡಾ? ಡೆಲಿಕೇಟಾ? ಇಷ್ಟೊಂದು ಪದ ಇಟ್ಕೊಂಡು ಯಾಕಿಷ್ಟು ಸೋಮಾರಿತನ?”

ಜೆ.ಪಿ. ನಗರದಲ್ಲೊಂದು ಗೃಹಪ್ರವೇಶ. “ಮನೆ ನೈಸಾಗಿದ್ಯಾ ಅಂಕಲ್?” ಎಂದಳು ಮನೆಯಾಕೆ, ಪಾಪ, ಮಾತಿಗೆ. “ಹಾಲ್ ಬ್ರೈಟ್. ಕಿಚನ್ ಕ್ರ್ಯಾಂಪ್ಡ್. ಮೆಟ್ಟಿಲು ಡೇಂಜರಸ್.” ಆ ಮನೆಯಿಂದ ಮತ್ತೆ ಕರೆ ಬಂದಿದ್ದರೆ ಕೇಳಿ!

ಇನ್ನೊಮ್ಮೆ ಹೊಸ ಮೈಸೂರು ಸಿಲ್ಕ್ ಉಟ್ಟು, “ರೀ, ಹೇಗ್ ಕಾಣ್ತೀನಿ?” ಎಂದೆ. ಬಹಳ ಹೊತ್ತು ನೋಡಿದರು. “ರೋಬಸ್ಟ್” ಎಂದರು. ಗಟ್ಟಿ ಡಿಕಾಕ್ಷನ್ನಿಗೆ ಹೇಳುವ ಮಾತನ್ನು ಹೆಂಡತಿಗೆ ಹೇಳುವುದೇ?

ಒಂದೇ ಒಂದು ದಿನ, ಸುಳ್ಳಿಗಾದರೂ, ನನ್ನ ಕಾಫಿ ಕುಡಿದು “ನೈಸ್ ಕಣೇ” ಎನ್ನಲಿ ಎಂದು ಎಷ್ಟು ವರ್ಷ ಕಾದೆನೋ!

ಹೋದ ವರ್ಷ ಇವರಿಗೆ ಜ್ವರ ಬಂತು, ಹೋಯ್ತು. ಹೋಗುವಾಗ ವಾಸನೆ, ರುಚಿ ಎರಡನ್ನೂ ತಗೊಂಡು ಹೋಯ್ತು. ಕಾಫಿ ಲೋಟವನ್ನು ಮೂಗಿನ ಹತ್ತಿರ ಹಿಡಿದರು, ಒಂದು ಗುಟುಕು ಕುಡಿದರು. “ಬಿಸಿ ಇದೆ” ಎಂದರು, ಅಷ್ಟೇ. “ವಾಪಸ್ ಬರಬಹುದು, ಬರದೇನೂ ಇರಬಹುದು” ಎಂದರು ಡಾಕ್ಟರು.

ಅಂದಿನಿಂದ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂರುತ್ತೇವೆ. “ನೀನು ಕುಡಿದು ಹೇಳು” ಎನ್ನುತ್ತಾರೆ.

“ಅರೋಮ್ಯಾಟಿಕ್. ಮೆಲೋ...”

“ಡಿಕ್ಷನರಿ ಬೇಡ ಕಣೇ. ನಾಲಿಗೆಗೆ ಏನನ್ಸುತ್ತೆ ಅದನ್ನ ಹೇಳು.”

ಮೊದಲು ಹುರಿದ ಕಡಲೆಕಾಯಿ ಸಿಪ್ಪೆ ತಿಕ್ಕಿದಾಗಿನ ವಾಸನೆ, ಆಮೇಲೆ ಸಣ್ಣ ಹುಳಿ, ಕೊನೆಗೆ ತಳ ಹಿಡಿಯಲಿದ್ದ ಬೆಲ್ಲದ ಪಾಕ ಎನ್ನುತ್ತೇನೆ. ನಾನು ಹೇಳಿದಂತೆಲ್ಲ ಇವರು ಒಂದೊಂದೇ ಗುಟುಕು ನುಂಗುತ್ತಾರೆ. ಈಗ ನನಗೆ ಹೊಗಳಿಕೆ ಬೇಡ. ಒಂದು ಬೈಗುಳ ಸಾಕು!

ನಿನ್ನೆ ಹಾಲು ಒಲೆ ಮೇಲಿಟ್ಟು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಮಹಡಿ ಮನೆಯವಳು ಕೂಗಿದಳು, “ಆಂಟೀ, ಹಾಲು ಸೀದೋಗ್ತಿದೆ ನೋಡಿ!” ಓಡಿ ಬಂದರೆ ಅಡುಗೆಮನೆ ತುಂಬ ಹೊಗೆ. ಅದರ ಬಾಗಿಲ ಪಕ್ಕದಲ್ಲೇ ಬೆನ್ನು ಹಾಕಿ ಕೂತು ಇವರು ಪೇಪರ್ ಓದುತ್ತಿದ್ದಾರೆ. ಗೇಟಿನಿಂದಲೇ ಹಾಲು ಸೀದದ್ದು ಕಂಡುಹಿಡಿಯುತ್ತಿದ್ದ ಮನುಷ್ಯ! ತಲೆಯೆತ್ತಿ, “ಸೀದಿದ್ಯೇನೇ?” ಎಂದರು, ಮಗು ಕೇಳಿದ ಹಾಗೆ.

“ಹೂಂ ರೀ. ಪೂರ್ತಿ.”

ಒಲೆ ಆರಿಸಿ ಕಿಟಕಿ ತೆಗೆಯಲು ಕೈ ಹಾಕಿದೆ. ಪೇಪರ್ ಮಡಿಸಿಟ್ಟು ಒಳಗೆ ಬಂದರು. ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು.

“ಕಿಟಕಿ ತೆಗೀಬೇಡ” ಎಂದರು. “ಇನ್ನೂ ಸ್ವಲ್ಪ ಹೊತ್ತು ವಾಸನೆ ಇರಲಿ.”