ಮುಪ್ಪು ಬಾರದವಳ ಅರ್ಜಿ

ಗಂಡ: ನೀನು ಮುದುಕಿ ಆಗೋದೇ ಇಲ್ಲ ಅಂತ ಕಾಗದದಲ್ಲಿ ಬರ್ಕೊಟ್ರೆ ನನ್ನ ಮರ್ಯಾದೆ ಏನಾಗ್ಬೇಕು ಕಣೇ?

ಹೆಂಡತಿ: ನಿಮ್ಮ ಮರ್ಯಾದೆ ವಿಷಯ ಫಾರಂನಲ್ಲಿ ಕೇಳಿಲ್ಲ.

ಗಂಡ ಸರ್ಕಸ್ಸಿನಲ್ಲಿ ಚಾಕು ಎಸೆಯುವವನು. ಹೆಂಡತಿ ಹಲಗೆಗೆ ಬೆನ್ನು ಕೊಟ್ಟು ನಿಲ್ಲುವವಳು. ಇಪ್ಪತ್ತೆರಡು ವರ್ಷದಿಂದ, ದಿನಕ್ಕೆರಡು ಆಟ, ಅವನು ಅವಳ ಸುತ್ತ ಚಾಕು ನೆಡುತ್ತಾ ಬಂದಿದ್ದಾನೆ. ಇವತ್ತು ಇಬ್ಬರೂ ನಿಂತಿದ್ದು ಮಾತ್ರ ನಿವೃತ್ತಿ ನಿಧಿ ಕಚೇರಿಯ ವಿನಾಯಿತಿ ಕೌಂಟರ್ ಮುಂದೆ. ವಯಸ್ಸಾದ ಕಾಲಕ್ಕೆಂದು ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುವ ದುಡ್ಡನ್ನು ಇನ್ನು ಹಿಡಿಯಬೇಡಿ ಎಂದು ಅವಳು ಅರ್ಜಿ ಕೊಟ್ಟಿದ್ದಳು. ‘ಕಾರಣ’ ಎಂಬಲ್ಲಿ ಬರೆದದ್ದು ಮೂರೇ ಪದ: ಮುಪ್ಪು ಬರುವ ಸಂಭವವಿಲ್ಲ.

ಕೌಂಟರಿನ ಗುಮಾಸ್ತನಿಗೆ ಒಳಗೊಳಗೇ ಖುಷಿ. ಹದಿನೇಳನೇ ನಿಯಮದಲ್ಲಿ ಅಂಥದೊಂದು ಕಾರಣ ಇದ್ದದ್ದು ನಿಜ. ಯಾವ ಪುಣ್ಯಾತ್ಮ ಬರೆದಿಟ್ಟನೋ, ಇವನ ಸರ್ವೀಸಿನಲ್ಲಿ ಒಬ್ಬರೂ ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಅದಕ್ಕೆಂದೇ ಮಾಡಿಸಿದ ಮೊಹರು ಮಸಿ ಕಾಣದೆ ಡ್ರಾಯರಿನಲ್ಲಿ ಬಿದ್ದಿತ್ತು.

ಗುಮಾಸ್ತ: ಸಂಭವ ಇಲ್ಲ ಅನ್ನೋದಕ್ಕೆ ದಾಖಲೆ ಬೇಕಲ್ಲಮ್ಮ.

ಹೆಂಡತಿ: ಪಕ್ಕದಲ್ಲೇ ನಿಂತಿದೆ ನೋಡಿ ಸಾರ್.

ಗಂಡ: ಇವಳ ಮೈಮೇಲೆ ಒಂದು ಗೀರು ತೋರಿಸ್ಲಿ ಸಾರ್, ನಾನು ಈ ಕಸುಬೇ ಬಿಟ್ಬಿಡ್ತೀನಿ.

ಗುಮಾಸ್ತ: ಗೀರು ಇದ್ರೂ ನನಗೆ ಪ್ರಯೋಜನ ಇಲ್ಲ ಸ್ವಾಮಿ. ಗಾಯದವರದ್ದು ಆರನೇ ಕೌಂಟರ್.

ಕಟ್ಟಿಕೊಂಡ ಹೆಂಡತಿಗೇ ನಂಬಿಕೆಯಿಲ್ಲ ಎಂದು ಗೊತ್ತಾದರೆ ಸರ್ಕಸ್ಸಿನ ಕುದುರೆಗಳೂ ತನ್ನನ್ನು ನೋಡಿ ನಗುತ್ತವೆ ಎಂದು ಗಂಡ ಗೋಳಾಡಿದ. ಗುಮಾಸ್ತ ಕುದುರೆಗಳ ವಿಷಯ ಬಿಟ್ಟು ಮುಂದಿನ ಪ್ರಶ್ನೆಗೆ ಹೋದ.

ಗುಮಾಸ್ತ: ಉಳಿಯೋ ದುಡ್ಡಲ್ಲಿ ಏನ್ಮಾಡ್ತೀರಿ?

ಹೆಂಡತಿ: ಕನ್ನಡಕ ತಗೋತೀನಿ.

ಗುಮಾಸ್ತ: ನಿಮ್ಮ ಕಣ್ಣು ಚೆನ್ನಾಗೇ ಇದ್ದ ಹಾಗಿದೆ?

ಹೆಂಡತಿ: ನನ್ನದು ಚೆನ್ನಾಗಿರೋದಕ್ಕೇ ಇನ್ನೂ ಬದುಕಿದ್ದೀನಿ.

ಗಂಡ ಕೆಂಡವಾದ. ಕನ್ನಡಕ ಏರಿಸಿಕೊಂಡು ಚಾಕು ಎಸೆಯುವವನನ್ನು ಯಾವ ದಡ್ಡ ಕಾಸು ಕೊಟ್ಟು ನೋಡುತ್ತಾನೆ, ತನ್ನ ಕಣ್ಣಿಗೆ ಏನಾಗಿದೆ, ಈಗಿಂದೀಗಲೇ ತಕರಾರಿಗೆ ಸಹಿ ಹಾಕುವುದೇ ಸೈ ಎಂದು ಕೂಗಾಡಿದ. ಗುಮಾಸ್ತ ತಕರಾರಿನ ಫಾರಂ ಮುಂದಿಟ್ಟು, ಇಂಟು ಗುರುತು ಹಾಕಿ, ಕೈ ಚಾಚಿ ಜಾಗ ತೋರಿಸಿದ. ಗಂಡ ಪೆನ್ನು ಕಿತ್ತುಕೊಂಡು ಒಂದೇ ಬೀಸಿಗೆ ಸಹಿ ಜಡಿದ. ಸಹಿ ಬಿದ್ದದ್ದು ಫಾರಂನಿಂದ ಒಂದು ಗೇಣು ಈಚೆ, ಗುಮಾಸ್ತನ ಬಿಳಿ ಅಂಗಿಯ ತೋಳಿನ ಮೇಲೆ.

ಗಂಡ: ನೋಡಿದ್ರಾ ಗುರಿ?

ಗುಮಾಸ್ತ ತೋಳು ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ. ಅಯ್ಯೋ ಪಾಪ ಅನ್ನಿಸಿತು.

ಗುಮಾಸ್ತ: ಮತ್ತೆ ನೀವು ಇಷ್ಟು ದಿನ ಹೇಗಮ್ಮಾ...?

ಹೆಂಡತಿ: ಎಂಟು ತಿಂಗಳಿಂದ ಇವರು ಎಸೆದ ಕಡೆಯಿಂದ ನಾನೇ ಜರುಗ್ತಾ ಇದ್ದೀನಿ ಸಾರ್. ಜನ ಹೊಸ ಆಟ ಅಂದ್ಕೊಂಡು ಇನ್ನೂ ಜೋರಾಗಿ ಚಪ್ಪಾಳೆ ಹೊಡೀತಾರೆ.

ಗಂಡನ ಕೈಯಿಂದ ಪೆನ್ನು ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ನೆಲವೆಲ್ಲ ತಡಕಾಡಿದ. ಪೆನ್ನು ಅವನ ಚಪ್ಪಲಿಯ ಪಕ್ಕದಲ್ಲೇ ಇತ್ತು. ಅವಳೇ ಎತ್ತಿ ಕೈಗಿಟ್ಟಳು.

ಗಂಡ: ನನಗೊಂದು ಮಾತು ಹೇಳಬಾರದಿತ್ತೇನೇ?

ಹೆಂಡತಿ: ಹೇಳಿದ್ರೆ ನಿಮ್ಮ ಕೈ ನಡುಗ್ತಿತ್ತು. ನಡುಗೋ ಕೈಗೆ ನಾನು ಎತ್ತ ಅಂತ ಜರುಗ್ಲಿ?

ಗುಮಾಸ್ತ ಡ್ರಾಯರು ಎಳೆದು ಮಸಿ ಕಾಣದ ಆ ಮೊಹರಿಗೆ ಕೈ ಹಾಕಿದ. ಆದರೆ ಎಷ್ಟಾದರೂ ಗುಮಾಸ್ತ. ಹೊಸ ಮೊಹರನ್ನು ಎತ್ತಿದವನು ಹಾಗೇ ಕೆಳಗಿಟ್ಟು, ಸವೆದ ಹಳೇ ಮೊಹರನ್ನು ಅರ್ಜಿಯ ಮೇಲೆ ಒತ್ತಿದ: ‘ತಿರಸ್ಕರಿಸಲಾಗಿದೆ.’

ಹೆಂಡತಿ: ಇದೇನು ಸಾರ್? ಕಣ್ಣಾರೆ ನೋಡಿದ್ರಲ್ಲ?

ಗುಮಾಸ್ತ: ನೋಡಿದ್ದಕ್ಕೇ ಅಮ್ಮ. ಎಂಟು ತಿಂಗಳು, ದಿನಕ್ಕೆರಡು ಆಟ, ಅಷ್ಟೂ ಚಾಕು ತಪ್ಪಿಸ್ಕೊಂಡಿದ್ದೀರಿ. ಈ ಊರಲ್ಲಿ ಮುಪ್ಪು ಗ್ಯಾರಂಟಿ ಅನ್ನೋದು ಯಾರಿಗಾದ್ರೂ ಇದ್ರೆ ನಿಮಗೊಬ್ಬರಿಗೇ.

ಗಂಡ ಪಂಚಾಯಿತಿ ಮುಗಿಸುವವನಂತೆ ಮೇಜು ಕುಟ್ಟಿದ.

ಗಂಡ: ವಿನಾಯಿತಿನೂ ಬೇಡ, ಏನೂ ಬೇಡ. ಕನ್ನಡಕ ನಾನೇ ತಗೋತೀನಿ, ಇವತ್ತೇ. ನಗೋರು ನಗ್ಲಿ. ನಾಳೆಯಿಂದ ಒಂದೊಂದು ಚಾಕೂ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತೆ.

ಹೆಂಡತಿಯ ಮುಖ ಅರಳಿತು, ಒಂದೇ ಗಳಿಗೆ. ಆಮೇಲೆ ಏನೋ ಹೊಳೆದವಳಂತೆ ಬಿಳುಚಿಕೊಂಡು ಕೌಂಟರಿನೊಳಗೆ ತಲೆ ತೂರಿಸಿದಳು.

ಹೆಂಡತಿ: ಸಾರ್, ಇನ್ನೊಂದು ಫಾರಂ ಕೊಡಿ.

ಗುಮಾಸ್ತ: ಮತ್ಯಾಕಮ್ಮ?

ಹೆಂಡತಿ: ನನಗೆ ಜರುಗಿ ಜರುಗಿ ಅಭ್ಯಾಸ ಆಗೋಗಿದೆ. ಇವರು ನೋಡಿದ್ರೆ ನಾಳೆಯಿಂದ ಸರಿಯಾಗಿ ಎಸೀತಾರಂತೆ.

ಗುಮಾಸ್ತ ಫಾರಂ ಕೊಟ್ಟು, ಹೊಸ ಮೊಹರಿಗೆ ಮಸಿ ಹಚ್ಚಿದ.